ಕ್ಯಾಂಪರ್ ವ್ಯಾನಿನ ಶಾಕ್, ಸ್ಟೆಬಿಲೈಸರ್ ಬಾರ್, ಏರ್ ಬೆಲ್ಲೋ: ಎರಿ ರಸ್ತೆಯಲ್ಲೂ ಘಟ್ಟದಲ್ಲೂ ಬಳಸಿದ ಮೇಲೆ

ಹುಬ್ಬಳ್ಳಿಯ ಗಾಡಿಗೆ ರಾಷ್ಟ್ರೀಯ ಹೆದ್ದಾರಿ 52 ಒಂದೇ ಆದರೂ ಪರೀಕ್ಷೆ ಎರಡು. ನವಲಗುಂದ, ನರಗುಂದದ ಕಡೆ ಹೊರಟರೆ ಕೆಳಗೆ ಎರಿ ಮಣ್ಣು, ಅಂದರೆ ಕಪ್ಪು ಮಣ್ಣು. ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುವ ಆ ಮಣ್ಣಿನ ಮೇಲೆ ಡಾಂಬರು ಅಲೆಅಲೆಯಾಗಿ ಏಳುತ್ತದೆ. ಎಡ ಗಾಲಿಗೆ ಏರು ಬಂದ ಹೊತ್ತಿಗೆ ಬಲ ಗಾಲಿಗೆ ತಗ್ಗು. ಅದೇ ಹೆದ್ದಾರಿಯಲ್ಲಿ ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದರೆ ಸಾಲುಸಾಲು ತಿರುವು, ಒದ್ದೆ ರಸ್ತೆ, ಕಾಲು ತೆಗೆಯಲಾಗದ ಬ್ರೇಕು. ಗಾಲಿಗೂ ಬಾಡಿಗೂ ನಡುವೆ ಕುಲುಕಾಟ ತಡೆಯುವ ಸಸ್ಪೆನ್ಶನ್ ಸಾಮಾನುಗಳನ್ನು ಈ ಎರಡೂ ಕಡೆ ಓಡಿಸದೆ ಚಲೋ ಅಂದರೂ ಅರ್ಧ ಮಾತು, ಕೆಟ್ಟದ್ದು ಅಂದರೂ ಅರ್ಧ ಮಾತು.

ಗಾಡಿ ಟೆಂಪೋ ಟ್ರಾವೆಲರ್ ಮೇಲೆ ಕಟ್ಟಿದ ಕ್ಯಾಂಪರ್, ಅಂದರೆ ಒಳಗೇ ತಂಗುವಂಥ ವ್ಯಾನು. ವೀಲ್‌ಬೇಸ್ (ಮುಂದಿನ ಹಿಂದಿನ ಗಾಲಿಗಳ ನಡುವಿನ ಅಂತರ) 3350 ಮಿ.ಮೀ., ಹಿಂದೆ ಮುಂದೆ ಎರಡೂ ಕಡೆ ಪಾಟಾ (ಉಕ್ಕಿನ ಪಟ್ಟಿಯ ಸ್ಪ್ರಿಂಗ್), ಹಿಂದಿನ ಗಾಲಿಗೆ ಡ್ರೈವ್ (ಎಂಜಿನ್ನಿನ ಬಲ). ಹಾಕಿದ ಸಾಮಾನು ನಾಲ್ಕು: ನಾಲ್ಕೂ ಗಾಲಿಗೆ ಗ್ಯಾಸ್ ಶಾಕ್ (ಸ್ಪ್ರಿಂಗಿನ ತೂಗಾಟ ತಡೆಯುವ ಕೊಳವೆ), ಪಾಲಿಯುರೆಥೇನ್ ಬುಷ್ (ಕೀಲುಗಳ ಗಟ್ಟಿ ಪ್ಲಾಸ್ಟಿಕ್ ಒಳಪದರ), ಹಿಂದೆ ದಪ್ಪನೆಯ ಸ್ಟೆಬಿಲೈಸರ್ ಬಾರ್ (ವಾಲುವುದನ್ನು ತಡೆಯುವ ಸರಳು), ಹಿಂದಿನ ಹೌಸಿಂಗ್ (ಆಕ್ಸಲಿನ ಕವಚ) ಮೇಲೆ ಒಂದು ಜೋಡಿ ಏರ್ ಬೆಲ್ಲೋ (ಹವಾ ತುಂಬುವ ರಬ್ಬರ್ ಚೀಲ). ಎಲ್ಲವೂ ಮನೆ ಮುಂದಿನ ಗಟ್ಟಿ ನೆಲದಲ್ಲಿ ನಾವೇ ಕೂಡಿಸಬಹುದಾದವು, ವೆಲ್ಡಿಂಗ್ ಬೇಡ. ಯುರೋಪಿನ ಮೋಟರ್‌ಹೋಮ್ ಕಿಟ್‌ಗಳ ವಿಡಿಯೋ ನೋಡಿ ಅದನ್ನೇ ತರಿಸುವ ಆಸೆ ಬರುತ್ತದೆ. ಅವುಗಳಲ್ಲಿ ಬಹುಪಾಲು ಫಿಯೆಟ್ ಡುಕಾಟೋಗೆ ಮಾಡಿದವು. ಅದು ಮುಂದಿನ ಗಾಲಿಯ ಡ್ರೈವ್. ಹಿಂದೆ ಡಿಫರೆನ್ಶಿಯಲ್ (ಎರಡೂ ಗಾಲಿಗೆ ಬಲ ಹಂಚುವ ಗೇರು) ಇಲ್ಲ, ಬರೀ ಅಡ್ಡ ತೊಲೆ. ಆ ಬ್ರಾಕೆಟ್ ನಮ್ಮ ಹೌಸಿಂಗಿಗೆ ಕೂಡುವುದಿಲ್ಲ.

ಮೊದಲ ಖರ್ಚು ಕಾಟಾದ್ದು. ಅಮರಗೋಳದ ಎ.ಪಿ.ಎಂ.ಸಿ. ಕಡೆ ವೇಬ್ರಿಜ್‌ಗೆ ಬರವಿಲ್ಲ. ನೀರು, ಡೀಸೆಲ್, ಸಿಲಿಂಡರ್ ತುಂಬಿಸಿ, ಕೂಡುವವರೆಲ್ಲ ಕೂತು ತೂಗಿಸಿ: ಇಡೀ ಗಾಡಿ ಒಮ್ಮೆ, ಮುಂದಿನ ಗಾಲಿ ಮಾತ್ರ ಒಮ್ಮೆ, ಹಿಂದಿನವು ಮಾತ್ರ ಒಮ್ಮೆ, ಕೊನೆಗೆ ಎಡಗಡೆಯವನ್ನಷ್ಟೇ ಏರಿಸಿ ಇನ್ನೊಮ್ಮೆ. ಮುಂದಿನದು ಹಿಂದಿನದು ಕೂಡಿಸಿದರೆ ಇಡೀ ತೂಕದ ಹತ್ತಿರ ಬರಬೇಕು. ಬರದಿದ್ದರೆ ಕಾಟಾ ಮತ್ತು ಪಕ್ಕದ ನೆಲ ಒಂದೇ ಮಟ್ಟದಲ್ಲಿಲ್ಲ, ಬೇರೆ ಕಾಟಾ ನೋಡಿ. ಈ ನಾಲ್ಕು ಚೀಟಿ ಇಲ್ಲದೆ ಯಾವ ಸಾಮಾನೂ ಕೊಳ್ಳಬಾರದು. ನೂರು ಲೀಟರ್ ನೀರು ನೂರು ಕಿಲೋ ಎಂಬುದು ಎಲ್ಲರಿಗೂ ಗೊತ್ತು. ಆದರೆ ಆ ಟ್ಯಾಂಕನ್ನು ಹಿಂದಿನ ಹೌಸಿಂಗಿಗಿಂತ ಒಂದು ಮೀಟರ್ ಹಿಂದಕ್ಕೆ ಇಟ್ಟರೆ ಹಿಂದಿನ ಗಾಲಿಗಳ ಮೇಲೆ ಬೀಳುವುದು 130 ಕಿಲೋ. ಮುಂದಿನ ಗಾಲಿಗಳಿಂದ 30 ಕಿಲೋ ಎತ್ತಿಹೋಗುತ್ತದೆ. ಸ್ಟೇರಿಂಗ್ ತೇಲುವುದು ಅಲ್ಲಿಂದ ಶುರು. ಟ್ಯಾಂಕ್, ಬ್ಯಾಟರಿ, ಸಾಮಾನಿನ ಪೆಟ್ಟಿಗೆ ಎರಡು ಆಕ್ಸಲ್ ನಡುವೆ ತಂದರೆ ಅರ್ಧ ರೋಗ ಬಿಟ್ಟಿಯಲ್ಲೇ ವಾಸಿ. ಟಾಪ್ ಮೇಲಿನ ಭಾರ ಎಷ್ಟು ಇಳಿಸಿದರೆ ಅಷ್ಟು ಒಳ್ಳೆಯದು.

ಟೈರಿನ ಮಾತು ಇಲ್ಲೇ ಮುಗಿಸುವೆ. ಪಕ್ಕದ ಮೇಲಿನ ಲೋಡ್ ಇಂಡೆಕ್ಸ್ ಓದಿ: 109 ಅಂದರೆ ಒಂದು ಟೈರಿಗೆ 1030 ಕಿಲೋ, 112 ಅಂದರೆ 1120 ಕಿಲೋ, ಅದೂ ಪೂರ್ತಿ ಹವಾ ಇದ್ದಾಗ. ತಯಾರಾದ ವಾರ ಮತ್ತು ವರ್ಷ ನಾಲ್ಕು ಅಂಕಿಯಲ್ಲಿರುತ್ತದೆ. 2322 ಅಂದರೆ 2022ರ 23ನೇ ವಾರ. ಕ್ಯಾಂಪರ್ ನಿಂತೇ ಇರುವ ಗಾಡಿ, ಥ್ರೆಡ್ ಸವೆಯುವ ಮೊದಲು ರಬ್ಬರು ಒಣಗುತ್ತದೆ. ಹವಾ ನೋಡುವುದು ಬೆಳಗಿನ ತಣ್ಣನೆಯ ಟೈರಿನಲ್ಲಿ ಮಾತ್ರ.

ಇನ್ನು ಶಾಕ್. ನಾಲ್ಕರಲ್ಲಿ ಎರಡೂ ಕಡೆ ಫಲ ಕೊಟ್ಟದ್ದು ಇದೊಂದೇ. ಹಂಪ್ ದಾಟಿದ ಮೇಲೆ ಗಾಡಿ ಒಮ್ಮೆ ಎದ್ದು ಕೂತು ಸುಮ್ಮನಾಗಬೇಕು. ಎರಡು ಮೂರು ಸಲ ತೂಗಿದರೆ ಶಾಕ್ ಸತ್ತಿದೆ. ಎರಿ ರಸ್ತೆಯಲ್ಲಿ ಹಳೆಯ ಎಣ್ಣೆ ಶಾಕ್ ಮೊದಲ ಕೆಲವು ಕಿಲೋಮೀಟರ್ ಚೆನ್ನಾಗಿದ್ದು ಆಮೇಲೆ ಸೋಲುತ್ತದೆ. ಅಲೆಯ ಮೇಲೆ ಬಿಡುವಿಲ್ಲದೆ ಮೇಲೆ ಕೆಳಗೆ ಆಡಿ ಎಣ್ಣೆ ಕಾಯುತ್ತದೆ, ಗಾಳಿ ಬೆರೆತು ನೊರೆಯಾಗುತ್ತದೆ, ನೊರೆಗೆ ತಡೆಯುವ ಶಕ್ತಿ ಇಲ್ಲ. ಗ್ಯಾಸ್ ಒತ್ತಡ ಈ ನೊರೆಯನ್ನೇ ತಡೆಯುವುದು. ಹಾಗಾಗಿ ನರಗುಂದ ಮುಟ್ಟುವಾಗಲೂ ಗಾಡಿ ಹುಬ್ಬಳ್ಳಿ ಬಿಟ್ಟಾಗ ಇದ್ದಂತೆಯೇ ಇರುತ್ತದೆ. ಘಟ್ಟದಲ್ಲಿ ತಿರುವಿನಿಂದ ತಿರುವಿಗೆ ವಾಲುವುದು ನಿಧಾನವಾಗುತ್ತದೆ. ವಾಲುವ ಕೋನ ಅಷ್ಟೇ ಇದ್ದರೂ ಧಸಕ್ಕನೆ ಬೀಳುವುದಿಲ್ಲ.

ಕೊಳ್ಳುವಾಗ ತಪ್ಪುವುದು ಉದ್ದದಲ್ಲಿ. ಗಾಡಿ ಲೋಡಿನಲ್ಲಿ ನಿಂತಾಗ ಶಾಕಿನ ಮೇಲಿನ ಕಣ್ಣಿನಿಂದ (ಬೋಲ್ಟ್ ಕೂಡುವ ತೂತು) ಕೆಳಗಿನ ಕಣ್ಣಿಗೆ ಅಳೆಯಿರಿ. ಅದರಿಂದ ಹೌಸಿಂಗ್ ಚಾಸಿಗೆ ಬಡಿಯದಂತೆ ತಡೆಯುವ ಬಂಪ್ ಸ್ಟಾಪ್ ರಬ್ಬರಿಗೂ ಹೌಸಿಂಗಿಗೂ ಇರುವ ಸಂದು ಕಳೆಯಿರಿ, ಇನ್ನೂ 20 ಮಿ.ಮೀ. ಕಳೆಯಿರಿ. ಶಾಕಿನ ಮುಚ್ಚಿದ ಉದ್ದ ಇದಕ್ಕಿಂತ ಕಡಿಮೆ ಇರಬೇಕು. ಆಮೇಲೆ ಚಾಸಿ ಎತ್ತಿ ಗಾಲಿ ಜೋತುಬಿಟ್ಟು ಮತ್ತೆ ಅಳೆಯಿರಿ; ತೆರೆದ ಉದ್ದ ಅದಕ್ಕಿಂತ ಹೆಚ್ಚಿರಬೇಕು. ಉದ್ದ ಹೆಚ್ಚಾದ ಶಾಕ್ ದೊಡ್ಡ ತಗ್ಗಿನಲ್ಲಿ ಒಳಗೇ ಬಡಿದು ಬ್ರಾಕೆಟ್ ಕಿತ್ತುಕೊಳ್ಳುತ್ತದೆ. ಗಿಡ್ಡವಾದದ್ದು ಗಾಲಿ ಜೋತಾಗ ತಾನೇ ಹಗ್ಗವಾಗಿ ಎಳೆದು ಕಣ್ಣಿನ ಬುಷ್ ಹರಿಯುತ್ತದೆ. ಎರಡು ಕೊಳವೆಯ ಶಾಕ್ ಆದರೆ ಹಾಕುವ ಮೊದಲು ನೆಟ್ಟಗೆ ಹಿಡಿದು ನಾಲ್ಕೈದು ಸಲ ಪೂರ್ತಿ ಒತ್ತಿ ಎಳೆಯಿರಿ. ಅಂಗಡಿಯಲ್ಲಿ ಮಲಗಿಸಿಟ್ಟ ಶಾಕಿನ ಒಳಗೆ ಗಾಳಿ ಸೇರಿರುತ್ತದೆ, ತೆಗೆಯದಿದ್ದರೆ ಹೊಸ ಶಾಕೂ ಟಕ್ ಟಕ್ ಅನ್ನುತ್ತದೆ.

ಬುಷ್‌ನಲ್ಲಿ ಅಭಿಪ್ರಾಯ ಎರಡು ಪಾಲು. ಸ್ಟೆಬಿಲೈಸರ್ ಬಾರನ್ನು ಹಿಡಿಯುವ ಡಿ-ಬುಷ್ (ಇಂಗ್ಲಿಷ್ D ಆಕಾರದ್ದು) ಪಾಲಿಯುರೆಥೇನ್ ಹಾಕಿದರೆ ಕಾಸಿಗೆ ತಕ್ಕ ಕಜ್ಜಾಯ. ಬಾರ್ ತಡವಿಲ್ಲದೆ ಕೆಲಸಕ್ಕೆ ಇಳಿಯುತ್ತದೆ. ಪಾಟಾದ ಕಣ್ಣಿಗೆ ಮಾತ್ರ ಕಂಪನಿಯ ರಬ್ಬರೇ ಸಾಕು. ಪಾಲಿಯುರೆಥೇನ್ ಬುಷ್ ಒಳಗೆ ತಿರುಗುತ್ತಿರುವುದರಿಂದ ಸಿಲಿಕೋನ್ ಗ್ರೀಸ್ ಬೇಕು. ಒಂದು ಮಳೆಗಾಲದ ಕೆಸರು ಗ್ರೀಸನ್ನು ತೊಳೆದುಹಾಕುತ್ತದೆ, ಮುಂದೆ ಪ್ರತಿ ಹಂಪಿಗೂ ಕಿರ್ ಅನ್ನುವ ರಾಗ. ರಬ್ಬರ್ ಬುಷ್‌ಗೆ ಒಂದು ನಿಯಮ: ಗಾಲಿ ನೆಲದ ಮೇಲಿದ್ದು ಭಾರ ಕೂತ ಮೇಲೆಯೇ ಕಣ್ಣಿನ ಬೋಲ್ಟ್ ಬಿಗಿಯಬೇಕು. ಜಾಕ್ ಮೇಲೆ ಜೋತಾಗ ಬಿಗಿದರೆ ಗಾಡಿ ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು ನಿಲ್ಲುತ್ತದೆ, ಬೇಗ ಹರಿಯುತ್ತದೆ. ಗ್ಯಾರೇಜಿನ ಮಿಸ್ತ್ರಿಗಳು ಅವಸರದಲ್ಲಿ ಬಿಡುವುದು ಇದನ್ನೇ. ಇನ್ನೊಂದು ಶತ್ರು ಸರ್ವಿಸ್ ಸ್ಟೇಷನ್ನಿನ ಡೀಸೆಲ್ ಸ್ಪ್ರೇ. ಪಾಟಾ ಹೊಳೆಯಲಿ ಎಂದು ಹೊಡೆಯುವ ಡೀಸೆಲ್ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಬೆಲ್ಲೋ ಇದ್ದ ಗಾಡಿಗಂತೂ ಕೆಳಗೆ ಬರೀ ನೀರು ಅಂತ ಮೊದಲೇ ಹೇಳಿ.

ದಪ್ಪ ಸ್ಟೆಬಿಲೈಸರ್ ಬಾರಿನ ಬಲ ವ್ಯಾಸದ ನಾಲ್ಕನೇ ಘಾತಕ್ಕೆ ಏರುತ್ತದೆ. 22 ಮಿ.ಮೀ. ತೆಗೆದು 25 ಹಾಕಿದರೆ ಮೂರೇ ಮಿ.ಮೀ. ಅನ್ನಿಸುತ್ತದೆ, ತಿರುಚಿಗೆ ತಡೆ ಸುಮಾರು 67 ಪ್ರತಿಶತ ಜಾಸ್ತಿ. ಅರಬೈಲ್ ಇಳಿಯುವಾಗ ಇದರ ಲಾಭ ಡ್ರೈವರಿಗಿಂತ ಹಿಂದೆ ಕೂತವರಿಗೆ ಮೊದಲು ತಿಳಿಯುತ್ತದೆ. ಕಪಾಟಿನ ಬಾಗಿಲು ತಾನಾಗಿ ತೆರೆಯುವುದಿಲ್ಲ. ಅದೇ ಬಾರ್ ನವಲಗುಂದದ ಕಡೆ ತಿರುಗಿಬೀಳುತ್ತದೆ. ಬಾರ್ ಎಂದರೆ ಎಡ ಬಲ ಗಾಲಿಗಳನ್ನು ಕಟ್ಟಿದ ತಿರುಚುವ ಸರಳು. ಒಂದು ಗಾಲಿ ಮಾತ್ರ ಏರಿದರೂ ಆ ಪೆಟ್ಟು ಇನ್ನೊಂದಕ್ಕೆ ದಾಟಿ, ಇಡೀ ಬಾಡಿ ಪಕ್ಕಕ್ಕೆ ಒದೆಯುತ್ತದೆ. ಎಡ ಬಲ ಅದಲುಬದಲಾಗಿ ಬರುವ ಅಲೆಯಲ್ಲಿ ತಲೆ ಅತ್ತಿತ್ತ ಬಡಿಯುವುದು ಹಳೆಯ ಬಾರಿಗಿಂತ ಜಾಸ್ತಿ. ಓಡಾಟ ಹೆಚ್ಚಾಗಿ ಗದಗ, ನರಗುಂದ, ಬಾಗಲಕೋಟೆ ಕಡೆಗೇ ಇದ್ದರೆ ಈ ಹಣ ಉಳಿಸಿ. ಹಿಂದಿನ ಬಾರ್ ಅತಿ ಬಿಗಿಯಾದರೆ ಒದ್ದೆ ತಿರುವಿನಲ್ಲಿ ಹಿಂಭಾಗ ಮೊದಲು ಜಾರುವ ಸ್ವಭಾವವೂ ಬರುತ್ತದೆ. ಹೀಗಾಗಿ ಮುಂದಿನ ಬಾರಿನ ಬುಷ್, ಲಿಂಕ್ ಸವೆದಿದ್ದಾಗ ಹಿಂದಿನದನ್ನಷ್ಟೇ ದಪ್ಪ ಮಾಡಬಾರದು.

ಏರ್ ಬೆಲ್ಲೋ ಕುರಿತು ತಪ್ಪು ತಿಳಿವಳಿಕೆಯೇ ಹೆಚ್ಚು. ಇದು ಕುಗ್ಗಿದ ಹಿಂಭಾಗವನ್ನು ಎತ್ತುವ ಸಾಮಾನು, ವಾಲುವುದಕ್ಕೆ ಮದ್ದಲ್ಲ. ಬೆಲ್ಲೋಗಳು ಪಾಟಾಕ್ಕಿಂತ ಒಳಗೆ ಕೂಡುತ್ತವೆ. ವಾಲುವಿಕೆಗೆ ತಡೆ ಅವುಗಳ ನಡುವಿನ ಅಂತರದ ವರ್ಗಕ್ಕೆ ತಕ್ಕಂತೆ. ಅಂತರ 1000 ಮಿ.ಮೀ. ಬದಲು 700 ಇದ್ದರೆ ಅದೇ ಬೆಲ್ಲೋದಿಂದ ಸಿಗುವ ತಡೆ ಅರ್ಧಕ್ಕೆ ಇಳಿಯುತ್ತದೆ. ಎರಡಕ್ಕೂ ಒಂದೇ ಪೈಪಿನಲ್ಲಿ ಟೀ (T ಆಕಾರದ ಕವಲು ಜೋಡಣೆ) ಹಾಕಿ ಹವಾ ಕೊಟ್ಟರೆ ಇನ್ನೂ ಕೆಟ್ಟದ್ದು: ತಿರುವಿನಲ್ಲಿ ಹೊರಗಿನ ಬೆಲ್ಲೋದ ಹವಾ ಒಳಗಿನದಕ್ಕೆ ಓಡಿ ಗಾಡಿ ಮತ್ತಷ್ಟು ವಾಲುತ್ತದೆ. ಎಡಕ್ಕೊಂದು, ಬಲಕ್ಕೊಂದು ಬೇರೆ ಪೈಪು, ಬೇರೆ ವಾಲ್ವ್ ಇರಲೇಬೇಕು. ಕಾಟಾದಲ್ಲಿ ಎಡ ಬಲ ವ್ಯತ್ಯಾಸ ಕಂಡಿದ್ದರೆ ಅದನ್ನು ಸರಿದೂಗಿಸಲೂ ಇದೇ ದಾರಿ.

ಕೂಡಿಸುವಾಗ ಚಾಸಿಯ ಮೇಲಿನ ಕೆಳಗಿನ ತುಟಿಗೆ (ಅಡ್ಡ ಅಂಚಿಗೆ) ತೂತು ಬೇಡ. ಬಾಗುವ ಒತ್ತಡವೆಲ್ಲ ಅಲ್ಲೇ, ಬಿರುಕು ಅಲ್ಲಿಂದಲೇ ಹೊರಡುತ್ತದೆ. ಇರುವ ತೂತು ಬಳಸಿ, ಇಲ್ಲವೇ ಚಾನೆಲ್ಲಿನ ನಿಂತ ಗೋಡೆಗೆ ಕೊರೆಯಿರಿ. 5 ಟನ್ನಿನ ಬಾಟಲ್ ಜಾಕ್ ಎತ್ತಲು ಮಾತ್ರ, ಗಾಡಿ ನಿಲ್ಲುವುದು ಸ್ಟ್ಯಾಂಡಿನ ಮೇಲೆ. ಮುಂದಿನ ಗಾಲಿಗೆ ಎರಡೂ ಕಡೆ ಕಲ್ಲು ಕೊಟ್ಟಿರಬೇಕು. 6 ಮಿ.ಮೀ. ನೈಲಾನ್ ಪೈಪನ್ನು ಕಟಿಂಗ್ ಪ್ಲೈಯರ್‌ನಿಂದ ಕತ್ತರಿಸಿದರೆ ತುದಿ ಚಪ್ಪಟೆಯಾಗಿ ಪುಶ್ ಯೂನಿಯನ್ (ಪೈಪು ಒತ್ತಿ ಕೂಡಿಸುವ ಜೋಡಣೆ) ಸೋರುತ್ತದೆ. ಹೊಸ ಬ್ಲೇಡಿನಿಂದ ನೇರ ಕತ್ತರಿಸಿ. ಸೈಲೆನ್ಸರಿನಿಂದ 150 ಮಿ.ಮೀ. ದೂರ ಇರಲಿ, ಆಗದಿದ್ದರೆ ನಡುವೆ ತಗಡು. ಸಾಬೂನು ನೀರು ಹಚ್ಚಿ ನೋಡಿ, ಒಂದು ರಾತ್ರಿ ಬಿಟ್ಟು ಒತ್ತಡ ಮತ್ತೆ ಓದಿ. ಕಿಟ್ ಹೇಳಿದ ಕನಿಷ್ಠ ಹವಾ ಯಾವಾಗಲೂ ಇರಬೇಕು. ಖಾಲಿ ಬೆಲ್ಲೋ ಮಡಿಕೆಯಲ್ಲಿ ಸಿಕ್ಕು ಕತ್ತರಿಸಿಹೋಗುತ್ತದೆ.

ಎತ್ತರ ಎಷ್ಟು ಏರಿಸಬೇಕು ಎಂಬಲ್ಲಿ ಹಲವರು ದಾರಿ ತಪ್ಪುತ್ತಾರೆ. ಖಾಲಿ ಗಾಡಿಯ ಮಟ್ಟಕ್ಕೆ ಬಂದರೆ ಸಾಕು, ಅದಕ್ಕಿಂತ ಮೇಲೆ ಹೋಗಬಾರದು. 3350ರ ವೀಲ್‌ಬೇಸಿನಲ್ಲಿ ಹಿಂಭಾಗ 60 ಮಿ.ಮೀ. ಏರಿದರೆ ಇಡೀ ಗಾಡಿ ಒಂದು ಡಿಗ್ರಿ ಮುಂದಕ್ಕೆ ಬಾಗುತ್ತದೆ, ಮುಂದಿನ ಕ್ಯಾಸ್ಟರ್ (ಗಾಲಿ ತಿರುಗುವ ಅಕ್ಷ ಹಿಂದಕ್ಕೆ ಒರಗಿದ ಕೋನ) ಅಷ್ಟೇ ಕಡಿಮೆಯಾಗುತ್ತದೆ. ಸ್ಟೇರಿಂಗ್ ಹಗುರವಾಗಿ, ತಾನಾಗಿ ನೆಟ್ಟಗಾಗುವ ಗುಣ ಕಳೆದುಕೊಳ್ಳುತ್ತದೆ. ಆಗ ಕೆಲವರು ಸ್ಟೇರಿಂಗ್ ಡ್ಯಾಂಪರ್ ಹಾಕಿ ನಡುಕ ಮುಚ್ಚಿಡುತ್ತಾರೆ. ಅದು ನನಗೆ ಒಪ್ಪಿಗೆಯಿಲ್ಲ.

ಇದಕ್ಕಿಂತ ಗಂಭೀರವಾದದ್ದು ಬ್ರೇಕು. ಲೋಡ್ ಸೆನ್ಸಿಂಗ್ ವಾಲ್ವ್ ಇರುವ ಗಾಡಿಯಲ್ಲಿ ಚಾಸಿಗೂ ಹೌಸಿಂಗಿಗೂ ಇರುವ ಅಂತರ ನೋಡಿಯೇ ಹಿಂದಿನ ಬ್ರೇಕಿಗೆ ಒತ್ತಡ ಹಂಚಿಕೆಯಾಗುತ್ತದೆ. ಬೆಲ್ಲೋ ಹಿಂಭಾಗ ಎತ್ತಿದರೆ ಲೋಡ್ ತುಂಬಿದ ಗಾಡಿಯನ್ನು ವಾಲ್ವ್ ಖಾಲಿ ಎಂದೇ ಎಣಿಸಿ ಹಿಂದಿನ ಬ್ರೇಕು ಕಡಿಮೆ ಮಾಡುತ್ತದೆ. ಬಯಲಿನಲ್ಲಿ ತಿಳಿಯದು, ಘಟ್ಟದಲ್ಲಿ ಮುಂದಿನ ಬ್ರೇಕು ಕಾದು ವಾಸನೆ ಬಂದಾಗ ತಿಳಿಯುತ್ತದೆ. ವಾಲ್ವಿನ ಲಿವರನ್ನು ಹೊಸ ಎತ್ತರಕ್ಕೆ ಹೊಂದಿಸುವ ಕೆಲಸ ಮಾತ್ರ ಬ್ರೇಕ್ ಗೇಜ್ ಇರುವ ವರ್ಕ್‌ಶಾಪಿನಲ್ಲೇ ಆಗಲಿ.

ಬೆಲ್ಲೋ ಬದಲು ಒಂದು ಪಾಟಾ ಜಾಸ್ತಿ ಹಾಕಿಸಿ ಎನ್ನುವ ಸಲಹೆ ಹುಬ್ಬಳ್ಳಿಯ ಗಬ್ಬೂರು ಕಡೆಯ ಲಾರಿ ಗ್ಯಾರೇಜುಗಳಲ್ಲಿ ಸುಲಭಕ್ಕೆ ಸಿಗುತ್ತದೆ. ಐದರ ಸೆಟ್ಟಿಗೆ ಅದೇ ದಪ್ಪದ ಒಂದು ಸೇರಿದರೆ ಬಿಗಿ ಸುಮಾರು 20 ಪ್ರತಿಶತ ಏರುತ್ತದೆ. ದಪ್ಪದ ಲೆಕ್ಕ ಘನದ್ದು: 8 ಮಿ.ಮೀ. ಬದಲು 10ರ ಪಾಟಾ ಹೆಚ್ಚುಕಡಿಮೆ ಎರಡು ಪಾಟಾಕ್ಕೆ ಸಮ. ಯಾವಾಗಲೂ ತುಂಬಿಯೇ ಓಡುವ ಗಾಡಿಗೆ ಇದು ಸರಿ, ಹವಾ ಸೋರುವ ಚಿಂತೆಯಿಲ್ಲ. ಟ್ಯಾಂಕ್ ಖಾಲಿಯಾದ ದಿನ ಮಾತ್ರ ಬೆನ್ನಿಗೆ ಪೆಟ್ಟು. ಪ್ಯಾರಬಾಲಿಕ್ (ನಡುವೆ ದಪ್ಪ, ತುದಿಗೆ ತೆಳುವಾದ ಪಾಟಾ) ಸೆಟ್ಟಿನ ನಡುವೆ ಸಾದಾ ಪಾಟಾ ತೂರಿಸುವುದು ಬೇಡವೇ ಬೇಡ. ಅವುಗಳ ನಡುವಿನ ಸಂದು ಬೇಕೆಂದೇ ಬಿಟ್ಟದ್ದು. ಸೆಟ್ ಬಿಚ್ಚಿದರೆ ಪಾಟಾವನ್ನು ಹೌಸಿಂಗಿಗೆ ಕಟ್ಟುವ ಯು ಬೋಲ್ಟ್ ಹೊಸದೇ ಹಾಕಿ, 100 ಕಿಲೋಮೀಟರಿಗೆ ಒಮ್ಮೆ, 500ಕ್ಕೆ ಇನ್ನೊಮ್ಮೆ ಟಾರ್ಕ್ ಪಾನಾದಿಂದ ಬಿಗಿ ನೋಡಿ. ಸಡಿಲ ಯು ಬೋಲ್ಟಿನಲ್ಲಿ ಭಾರ ಪಾಟಾಗಳ ನಡುವಿನ ಸೆಂಟರ್ ಬೋಲ್ಟ್ ಮೇಲೆ ಬಿದ್ದು ಅದು ಕತ್ತರಿಸಿಹೋಗುತ್ತದೆ, ಹೌಸಿಂಗ್ ಓರೆಯಾಗುತ್ತದೆ.

ಈ ನಾಲ್ಕೂ ಸಾಮಾನಿನಿಂದ ಆಗದ ಕೆಲಸವೂ ಇದೆ. ಕಪ್ಪತಗುಡ್ಡದ ಗಾಳಿಯಂತ್ರಗಳ ಸೀಮೆಯಲ್ಲಿ ಮುಂಗಾರಿನ ಪಡುವಣ ಗಾಳಿ ಪಕ್ಕದಿಂದ ಹೊಡೆದರೆ, ಇಲ್ಲವೇ ಹೆದ್ದಾರಿ 48ರಲ್ಲಿ ಲಾರಿ ಪಕ್ಕದಲ್ಲೇ ನುಗ್ಗಿ ಹೋದರೆ, ಎತ್ತರದ ಬಾಡಿ ಪಕ್ಕಕ್ಕೆ ಸರಿಯುತ್ತದೆ. ಅಲ್ಲಿ ನೆರವಿಗೆ ಬರುವುದು ಮುಂದಿನ ಗಾಲಿಯ ಮೇಲಿನ ತೂಕ, ಸರಿಯಾದ ಹವಾ ಮತ್ತು ಕಡಿಮೆ ವೇಗ.

ಕಾಗದದ ಮಾತು: ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್.ಸಿ.ಯಲ್ಲಿರುವ ವಿವರಕ್ಕೆ ವಿರುದ್ಧವಾಗುವ ಬದಲಾವಣೆ ಮಾಡುವಂತಿಲ್ಲ. ಬೆಲ್ಲೋ ಹಾಕಿದ ಮಾತ್ರಕ್ಕೆ ಜಿ.ವಿ.ಡಬ್ಲ್ಯು. (ಗಾಡಿಗೆ ಅನುಮತಿ ಇರುವ ಗರಿಷ್ಠ ಒಟ್ಟು ತೂಕ) ಒಂದು ಕಿಲೋ ಕೂಡ ಏರುವುದಿಲ್ಲ. ಟೈರು, ಹಬ್, ಬ್ರೇಕು ಹಳೆಯವೇ. ಕೆಲಸ ಮುಗಿದ ಮೇಲೆ ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟ್ ಮಟ್ಟವನ್ನೂ ಹೊಸದಾಗಿ ಹೊಂದಿಸಿ.

ಗಾಡಿಯಲ್ಲಿ ಎರಡು ಪುಶ್ ಯೂನಿಯನ್, ಒಂದೆರಡು ಮೀಟರ್ ಪೈಪು, ವಾಲ್ವ್ ಪಿನ್ನು, ಒತ್ತಡದ ಗೇಜ್ ಇಟ್ಟಿರಿ. ಒಂದು ಬೆಲ್ಲೋ ಒಡೆದರೆ ಇನ್ನೊಂದರ ಹವಾ ಕನಿಷ್ಠಕ್ಕೆ ಇಳಿಸಿ, ನೀರಿನ ಟ್ಯಾಂಕ್ ಖಾಲಿ ಮಾಡಿ, ನಿಧಾನಕ್ಕೆ ಊರು ಸೇರಬಹುದು. ತೂಕ ಜಿ.ವಿ.ಡಬ್ಲ್ಯು. ಒಳಗಿದ್ದರೆ ಪಾಟಾ ಅದನ್ನು ಹೊರುತ್ತದೆ.