ಸತುವೋ ನಿಕ್ಕಲ್ಲೋ: ಯೆಜ್ಡಿ ಬೋಲ್ಟುಗಳಿಗೆ ಮನೇಲೇ ಪ್ಲೇಟಿಂಗ್ ಮಾಡಿ ನೋಡಿದ್ದು

ಅಪ್ಪನ ಯೆಜ್ಡಿ ರೋಡ್‌ಕಿಂಗ್ ಬೈಕ್ ಬಿಚ್ಚಿದಾಗ ಒಂದು ಡಬ್ಬಿ ತುಂಬ ತುಕ್ಕು ಹಿಡಿದ ನಟ್ಟು, ಬೋಲ್ಟು, ವಾಷರ್ ಸಿಕ್ತು. ಯೆಜ್ಡಿ ಮಾಡ್ತಿದ್ದ ಮೈಸೂರಿನ ಫ್ಯಾಕ್ಟ್ರಿ 1996ರಲ್ಲೇ ಮುಚ್ಚೋಯ್ತು, ಗಾಡಿ ಜೊತೆ ಬಂದಿದ್ದ ಬೋಲ್ಟುಗಳನ್ನೇ ಉಳಿಸ್ಕೋಬೇಕು ಅಂತ ನಂಗೆ ಹಠ. ಮೊದಲು ಒಂದು ಪ್ಲೇಟಿಂಗ್ (ಕರೆಂಟ್ ಹಾಯಿಸಿ ಲೋಹದ ಮೇಲೆ ಇನ್ನೊಂದು ಲೋಹದ ತೆಳು ಪದರ ಕೂರಿಸೋದು) ಅಂಗಡಿಗೆ ಕೊಟ್ಟೆ, ಹೊಳಪೇನೋ ಚೆನ್ನಾಗಿತ್ತು, ಆದ್ರೆ 40 ಕೊಟ್ಟು 36 ವಾಪಸ್ ಬಂತು, ಆ 4 ಬೋಲ್ಟಿನ ಸಂಕಟ ಇನ್ನೂ ಹೋಗಿಲ್ಲ. ಆಮೇಲೆ ಮನೇಲೇ ಶುರು ಮಾಡ್ದೆ.

ಸತುವಿಗೆ ಬೇಕಾಗಿದ್ದು 1 ಲೀಟರ್ ಬಿಳಿ ವಿನೆಗರ್, 100 ಗ್ರಾಂ ಎಪ್ಸಮ್ ಸಾಲ್ಟ್ (ಮೆಗ್ನೀಸಿಯಂ ಸಲ್ಫೇಟ್), ಒಂದಿಷ್ಟು ಸಕ್ಕರೆ, ಒಂದು ಸತುವಿನ ತಗಡು. ತಗಡು ಪ್ಲಸ್‌ಗೆ, ಬೋಲ್ಟು ಮೈನಸ್‌ಗೆ. ಮೊದಲ ಸಲ 5 ವೋಲ್ಟಿನ ಮೊಬೈಲ್ ಚಾರ್ಜರ್ ಹಾಕ್ದೆ, ನೊರೆ ನೊರೆಯಾಗಿ ಗುಳ್ಳೆ ಎದ್ದು ಬೋಲ್ಟಿನ ಮೇಲೆ ಕರೀ ಮಸಿ ಥರ ಕೂತ್ಕೊಂಡು ಬೆರಳಲ್ಲಿ ಒರೆಸಿದ್ರೆ ಹಂಗೇ ಬಂದ್ಬಿಡ್ತು. ಕರೆಂಟ್ ಜಾಸ್ತಿ ಆಗಿತ್ತು ಅಷ್ಟೇ. ಆಮೇಲೆ ಒಂದೇ ಒಂದು ಟಾರ್ಚ್ ಶೆಲ್ಲು, 1.5 ವೋಲ್ಟು, ಅರ್ಧ ಗಂಟೆ, ತಗಡಿನ ಕಡೆ ಇರೋ ಮುಖಕ್ಕೇ ಜಾಸ್ತಿ ಕೂರುತ್ತೆ ಅಂತ ನಡುನಡುವೆ ಬೋಲ್ಟು ತಿರುಗಿಸ್ತಾ ಇದ್ದೆ. ಹೊರಗೆ ತೆಗೆದಾಗ ವಿಭೂತಿ ಬಣ್ಣ, ಹಿತ್ತಾಳೆ ಬ್ರಷ್ಷಲ್ಲಿ ಉಜ್ಜಿದ ಮೇಲೆ ಮೆಲ್ಲಗೆ ಬೆಳ್ಳಿ ಹೊಳಪು ಬಂತು ನೋಡಿ, ಅದೇ ಖುಷಿ.

ನಿಕ್ಕಲ್ ನೋಡೋಕೆ ಇದಕ್ಕಿಂತ ಎಷ್ಟೋ ಚೆಂದ. ವಿನೆಗರ್, ಚಿಟಿಕೆ ಉಪ್ಪು, ಎರಡು ನಿಕ್ಕಲ್ ಪಟ್ಟಿ, ಕರೆಂಟ್ ಬಿಟ್ರೆ ನೀರು ತಿಳಿಹಸಿರಾಗುತ್ತೆ, ಆಮೇಲೆ ಬೋಲ್ಟು ಇಳಿಸೋದು. ಆದ್ರೆ ಆ ಹಸಿರು ನೀರು ವಿಷ, ಗ್ಲೌಸ್ ಇಲ್ದೆ ಮುಟ್ಬೇಡಿ, ಚರಂಡಿಗಂತೂ ಸುರೀಲೇಬೇಡಿ. ಪಟ್ಟಿ ಬದಲು ಸ್ಟೀಲ್ ಚಮಚ ಹಾಕೋದೂ ಬೇಡ, ಅದರಿಂದ ವಿಷಕಾರಿ ಕ್ರೋಮಿಯಂ ಬಿಡುತ್ತೆ.

ಎರಡನ್ನೂ ಮಳೇಲಿ 3 ವಾರ ಟೆರೇಸ್ ಮೇಲೆ ಇಟ್ಟೆ. ನಿಕ್ಕಲ್ ಬೋಲ್ಟಿನ ಮರೆ ಸಂದಿಯಲ್ಲಿ ಕೆಂಪು ಚುಕ್ಕೆ, ಸತುವಿನದರ ಮೇಲೆ ಬರೀ ಬಿಳಿ ಪುಡಿ. ಸತು ತಾನು ಸವೆದು ಕಬ್ಬಿಣ ಕಾಪಾಡುತ್ತೆ, ನಿಕ್ಕಲ್ ಬರೀ ಹೊದಿಕೆ, ಸೂಜಿಮೊನೆಯಷ್ಟು ತೂತಿದ್ರೂ ಅಲ್ಲಿ ಕಬ್ಬಿಣ ಇನ್ನೂ ಬೇಗ ತಿನ್ನಿಸ್ಕೊಳ್ಳುತ್ತೆ. ಹಂಗಾಗಿ ಚಕ್ರದ ಹತ್ರ, ಮಡ್‌ಗಾರ್ಡ್ ಕೆಳಗೆ ಇರೋದಕ್ಕೆಲ್ಲ ಸತು, ಹ್ಯಾಂಡಲ್ ಹತ್ರ ಕಣ್ಣಿಗೆ ಬೀಳೋ ನಾಲ್ಕೈದಕ್ಕೆ ಮಾತ್ರ ನಿಕ್ಕಲ್.

ಅಲ್ಯೂಮಿನಿಯಂ ಇಂಜಿನ್ ಕವರಿಗೆ ಆನೋಡೈಸಿಂಗ್ (ಕರೆಂಟ್ ಹಾಯಿಸಿ ಮೇಲೆ ಗಟ್ಟಿ ಆಕ್ಸೈಡ್ ಪದರ ಬೆಳೆಸೋದು) ಬೇಡ ಅಂತೀನಿ. ಎರಕದಲ್ಲಿ ಸಿಲಿಕಾನ್ ಇರೋದ್ರಿಂದ ಮಂಕು ಬೂದು ಬಣ್ಣ ಬರುತ್ತೆ, ಪಾಲಿಶ್ ಸಾಕು. ತಲೆ ಮೇಲೆ 10.9 ಅಂತ ಇರೋ, ಅಂದ್ರೆ ಹೆಚ್ಚು ಬಲದ ಉಕ್ಕಿನ ಬೋಲ್ಟುಗಳನ್ನ ಸತು, ನಿಕ್ಕಲ್ ಎರಡಕ್ಕೂ ಹಾಕ್ಬೇಡಿ, ಪ್ಲೇಟಿಂಗ್ ಮಾಡೋವಾಗ ಹೈಡ್ರೋಜನ್ ಲೋಹದೊಳಗೆ ಸೇರ್ಕೊಂಡು ಬಿಗಿ ಮಾಡಿದ ಎಷ್ಟೋ ಹೊತ್ತಿನ ಮೇಲೆ ಪಟ್ ಅಂತ ಮುರಿಯೋ ಸಾಧ್ಯತೆ ಇದೆ. ನಾನು ಅಂಥವನ್ನ ತುಕ್ಕು ಉಜ್ಜಿ ಎಣ್ಣೆ ಹಚ್ಚಿ ಹಾಗೇ ಹಾಕಿದೀನಿ.