ಸ್ಕ್ರಮ್ ಅಥವಾ ಕಾನ್ಬಾನ್: ಕೊಡಗಿನಿಂದ ಓದುವವರಿಗೆ ಯಾವುದು?

ಆನ್‌ಲೈನ್ ಕೋರ್ಸ್‌ನಲ್ಲಿ ಟೀಮ್ ಪ್ರಾಜೆಕ್ಟ್ ಶುರುವಾದರೆ ಮೊದಲ ಪ್ರಶ್ನೆ ಇದೇ. ಎರಡೂ ಟೀಮ್ ತನ್ನ ಕೆಲಸವನ್ನು ಹಂಚಿಕೊಂಡು ಮುಗಿಸುವ ವಿಧಾನಗಳು.

ಸ್ಕ್ರಮ್‌ಗೆ ಒಂದು ತಾಳ ಇದೆ. ಕೆಲಸವನ್ನು ಸ್ಪ್ರಿಂಟ್ ಅನ್ನುವ ಸಣ್ಣ ಅವಧಿಗಳಲ್ಲಿ ಮಾಡಬೇಕು. ಒಂದು ಸ್ಪ್ರಿಂಟ್ ಒಂದು ತಿಂಗಳು ಮೀರಬಾರದು. ವಿದ್ಯಾರ್ಥಿಗಳಿಗೆ ಎರಡು ವಾರ ಸಾಕು. ದಿನಾ 15 ನಿಮಿಷದ ಮಾತುಕತೆ. ಕೊನೆಗೆ ಮಾಡಿದ್ದನ್ನು ತೋರಿಸಿ, ಎಲ್ಲಿ ಎಡವಿದೆವು ಅಂತ ಕೂತು ಮಾತಾಡಬೇಕು. ನಿಜವಾದ ಕಲಿಕೆ ಇರುವುದೇ ಅಲ್ಲಿ. ಆದರೆ ಜುಲೈನಲ್ಲಿ ನಮ್ಮ ಕಡೆ ಹೇಗಿರುತ್ತೆ ಗೊತ್ತಲ್ವಾ? ಮರ ಬಿದ್ದು ಕರೆಂಟ್ ಹೋದರೆ ಸಿಗ್ನಲ್ಲೂ ಹೋಗುತ್ತದೆ. 5 ಜನರ ಟೀಮ್‌ನಲ್ಲಿ ಮಡಿಕೇರಿಯವಳು ನಾನೊಬ್ಬಳೇ. 3 ದಿನ ಮೀಟಿಂಗ್‌ಗೆ ಸೇರಲು ಆಗಲಿಲ್ಲ. ಲಾಗಿನ್ ಪುಟ ಅರ್ಧ ಮುಗಿಸಿದ್ದೆ, ಅದು ಯಾರಿಗೂ ತಿಳಿಯಲಿಲ್ಲ. ಇನ್ನೊಬ್ಬರು ಅದನ್ನೇ ಮೊದಲಿನಿಂದ ಬರೆದರು.

ಕಾನ್ಬಾನ್ ಜಪಾನಿನ ಟೊಯೋಟಾದಿಂದ ಬಂದದ್ದು. ಬೋರ್ಡ್ ಮೇಲೆ ಕಾರ್ಡ್‌ಗಳು: ಮಾಡಬೇಕು, ನಡೆಯುತ್ತಿದೆ, ಮುಗಿಯಿತು. ನಡುವಿನ ಕಾಲಮ್‌ನಲ್ಲಿ ಇಷ್ಟೇ ಕಾರ್ಡ್ ಅಂತ ಮಿತಿ ಇಡಬೇಕು. ಮಿತಿ ಇಲ್ಲದಿದ್ದರೆ ಅದು ಸುಮ್ನೆ ಒಂದು ಪಟ್ಟಿ. ಸಿಗ್ನಲ್ ಬಂದಾಗ ಕಾರ್ಡ್ ಸರಿಸಿದರೆ ಸಾಕು, ಎಲ್ಲರಿಗೂ ಕಾಣುತ್ತದೆ. ಆದರೆ ಗಡುವಿನ ಒತ್ತಡ ಕಡಿಮೆ, ಮುಂದೂಡುವುದು ಜಾಸ್ತಿ.

ಮೊದಲ ಸಲ ಕಲಿಯುವವರಿಗೆ ನಾನು ಸ್ಕ್ರಮ್ಮನ್ನೇ ಹೇಳುತ್ತೇನೆ. ಮಳೆಗಾಲದ ಬ್ಯಾಚ್ ಆದರೆ ಕಾನ್ಬಾನ್ ಬೋರ್ಡ್ ಇಟ್ಟುಕೊಳ್ಳಿ, ವಾರಕ್ಕೊಮ್ಮೆಯಾದರೂ ಎಲ್ಲರೂ ಸೇರಿ ಮಾಡಿದ್ದನ್ನು ನೋಡಿ.