ನಮ್ಮೂರಿನ ಧ್ಯಾನ ಶಿಬಿರ: ಊಟಕ್ಕೆ ಐದು ಸ್ಟಾರ್, ಕೊನೇ ದಿನದ ಟೇಬಲ್ಲಿಗೆ ಒಂದೇ

ದಾವಣಗೆರೇಲಿ ಈಗ ಎಲ್ಲಿ ನಿಂತ್ರೂ ಇದೇ ಮಾತು, ಆ ಬೂದಿ ಬಣ್ಣದ ಶಾಲಿನವರ ಶಿಬಿರಕ್ಕೆ ಹೋಗ್ಬಹುದಾ ಬೇಡ್ವಾ ಅಂತ. ಹೋಗಿ ಬಂದೋರು ಬಾಯಿ ಬಿಡ್ತಿಲ್ಲ, ಬಾಯಿ ಬಿಡೋರೆಲ್ಲ ಗೇಟಿನಾಚೆ ನಿಂತು ನೋಡಿದೋರು. ನಾನು ನಮ್ಮ ಅತ್ತಿಗೆ ಜೊತೆ ಮೊದಲ ದಿನದಿಂದ ಕೊನೇವರೆಗೂ ಕೂತು ಬಂದಿದೀನಿ, ನೋಡಿದ್ದು ನೋಡಿದಂಗೆ ಬರೀತೀನಿ. ಪಂಥದ ಹೆಸರು ಹಾಕಲ್ಲ, ಹಾಕಿದ್ರೆ ನಾಳೆಯಿಂದ ನನ್ನ ಫೋನಿಗೆ ಬಿಡುವಿರಲ್ಲ, ಊರಿನವರಿಗಂತೂ ಹೆಸರು ಬೇಕಾಗೂ ಇಲ್ಲ.

ಪಾಂಪ್ಲೆಟ್‌ನಲ್ಲಿ ದಪ್ಪಕ್ಷರದಲ್ಲಿ 'ಸಂಪೂರ್ಣ ಉಚಿತ' ಅಂತ ಇರುತ್ತೆ. ಜಾಗ ಒಂದು ಕಲ್ಯಾಣಮಂಟಪ. ಬೆಳಿಗ್ಗೆ ಐದೂವರೆಗೆ ಬಾಗಿಲು ತೆಗೀತಾರೆ, ಉಸಿರಾಟ, ಆಮೇಲೆ ಧ್ಯಾನ, ಆಮೇಲೆ ಗುರುಗಳ ವಿಡಿಯೋ, ಊಟ, ಮತ್ತೆ ವಿಡಿಯೋ. ಹಾಲ್ ಕ್ಲೀನ್ ಇತ್ತು, ಮಂಡಿ ನೋವಿರೋರಿಗೆ ಹಿಂದೆ ಕುರ್ಚಿ ಹಾಕಿದ್ರು, ಹೆಣ್ಮಕ್ಕಳ ಟಾಯ್ಲೆಟ್ಟಿನಲ್ಲಿ ನೀರು ಬರ್ತಿತ್ತು, ನಮ್ಮೂರ ಮಂಟಪಗಳಿಗೆ ಹೋಗಿ ಬಂದೋರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಗೊತ್ತು. ಉಸಿರಾಟ ಹೇಳಿಕೊಟ್ಟ ಹುಡುಗಿ ಚೆನ್ನಾಗಿ ಹೇಳ್ಕೊಟ್ಲು, ಆತುರ ಇಲ್ಲ, ಯಾರಿಗೂ ಗದರಲಿಲ್ಲ, ಅತ್ತಿಗೆಗೆ ಆ ವಾರ ನಿದ್ದೆ ಚೆನ್ನಾಗಿ ಬಂತು ಅಂತ ಅವರೇ ಹೇಳ್ತಾರೆ, ಅದನ್ನ ಸುಳ್ಳು ಅಂತ ನಾನ್ಯಾಕೆ ಅನ್ಲಿ. ವಿಡಿಯೋ ಮಾತ್ರ ಸಹಿಸೋಕಾಗಲ್ಲ. ಹಿಂದಿ ಮಾತಿಗೆ ಕನ್ನಡ ಡಬ್ಬಿಂಗ್, ಗುರುಗಳ ಬಾಯಿ ಮುಚ್ಚಿ ಎಷ್ಟೊತ್ತಾದ್ರೂ ಕನ್ನಡ ಮಾತ್ರ ಬರ್ತಾನೇ ಇರುತ್ತೆ, ಅದೂ ಪುಸ್ತಕದ ಕನ್ನಡ, ಪಕ್ಕದ ಅಜ್ಜಿ ಗೊರಕೆ ಹೊಡೆದಿದ್ದು ತಪ್ಪೇ ಅಲ್ಲ.

ಈಗ ಗಾಳಿಸುದ್ದಿಗೆ ಬರೋಣ, ಯಾಕಂದ್ರೆ ಎಲ್ಲರೂ ಕೇಳೋದು ಅದನ್ನೇ.

ಮೊದಲನೇದು ಊಟದಲ್ಲಿ ಮದ್ದು ಹಾಕ್ತಾರೆ ಅನ್ನೋದು. ರಾಮ್ ಅಂಡ್ ಕೋ ಸರ್ಕಲ್ ಹತ್ರ ದೋಸೆ ತಿಂತಾ ಒಬ್ಬರು ಗಟ್ಟಿಯಾಗಿ ಹೇಳ್ತಿದ್ರು, 'ಅಲ್ಲಿ ಒಂದು ತುತ್ತು ತಿಂದ್ರೆ ಮುಗೀತು, ಮತ್ತೆ ಮನಿ ಕಡೆ ಮನಸೇ ಬರಲ್ಲಂತ್ರಿ' ಅಂತ. ನಾನು ಬೇಕಂತಲೇ ಅಡುಗೆ ಮನೆಗೆ ಹೋಗಿ ನೋಡಿದೆ. ಅಡುಗೆ ಮಾಡ್ತಿದ್ದೋರು ಶಿಷ್ಯರೂ ಅಲ್ಲ ಗಿಷ್ಯರೂ ಅಲ್ಲ, ನಮ್ಮ ಚಿಕ್ಕಪ್ಪನ ಮಗಳ ಮದುವೆಗೆ ಮಾಡಿದ ಅದೇ ಅಡುಗೆ ಭಟ್ಟರು, ಅದೇ ಒಲೆ ಅದೇ ಕೊಪ್ಪರಿಗೆ, ನನ್ನ ನೋಡಿ 'ಬರ್ರಿ ಅಕ್ಕಾರ, ಚಹಾ ಕುಡೀರಿ' ಅಂದ್ರು. ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ, ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಸಾರು, ನೀರು ಮಜ್ಜಿಗೆ. ಬೆಳ್ಳುಳ್ಳಿ ಇಲ್ದೆ ಶೇಂಗಾ ಚಟ್ನಿ ಅಷ್ಟು ರುಚಿ ಮಾಡಿದ್ದಕ್ಕೇ ಐದು ಸ್ಟಾರ್. ಎರಡನೇ ಸಲ ಕೇಳಿದ್ರೂ ಮುಖ ಗಂಟು ಹಾಕದೆ ಬಡಿಸ್ತಾರೆ.

ಆದ್ರೆ ಮದ್ದಿನ ಮಾತಿಗೆ ಪಕ್ಕದ ಮನೆ ರಿಟೈರ್ಡ್ ಮೇಷ್ಟ್ರು ಒಂದು ನಿಜವಾದ ಕಥೆ ಜೋಡಿಸ್ತಾರೆ, ಅಮೆರಿಕದಲ್ಲಿ ರಜನೀಶ್ (ಓಶೋ) ಭಕ್ತರು ಕಟ್ಕೊಂಡಿದ್ದ ರಜನೀಶಪುರಂದು. 1984ರಲ್ಲಿ ಒರೆಗಾನ್ ರಾಜ್ಯದ ದಿ ಡ್ಯಾಲ್ಸ್ ಅನ್ನೋ ಊರಲ್ಲಿ ರಜನೀಶ್ ಆಶ್ರಮದ ಕೆಲವರು ಹೋಟೆಲುಗಳ ಸಲಾಡ್‌ಗೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಬೆರೆಸಿದ್ರು, 751 ಜನ ವಾಂತಿ ಭೇದಿ ಅಂತ ಮಲಗಿದ್ರು, ಸದ್ಯ ಯಾರೂ ಸಾಯಲಿಲ್ಲ. ಇದು ನಡೆದಿದ್ದೇ. ಆದ್ರೆ ಅದು ಭಕ್ತರ ಮನಸ್ಸು ಕಟ್ಟೋಕೆ ಹಾಕಿದ ಮದ್ದಲ್ಲ, ಅಲ್ಲಿನ ಕೌಂಟಿ ಚುನಾವಣೇಲಿ ಊರಿನವರು ವೋಟ್ ಹಾಕೋಕೆ ಬರಬಾರದು ಅಂತ ಮಾಡಿದ ರಾಜಕೀಯ. ಆಶ್ರಮದೊಳಗೆ ಉಂಡೋರಿಗಲ್ಲ, ಹೊರಗೆ ಹೋಟೆಲಲ್ಲಿ ಉಂಡೋರಿಗೆ ಆಗಿದ್ದು. ಮೇಷ್ಟ್ರಿಗೆ ಇದನ್ನ ಹೇಳಿದ್ರೆ 'ಅದೇ ಅಲ್ವೇನವ್ವಾ ನಾನೂ ಹೇಳಿದ್ದು' ಅಂತಾರೆ, ಅವರು ಹೇಳಿದ್ದು ಅದಲ್ಲ.

ಎರಡನೇದು ಗಂಡ ಹೆಂಡತಿನ ಬೇರೆ ಮಾಡ್ತಾರೆ ಅನ್ನೋದು, ಇದು ಹೊಸ ಪಂಥ ಅಂದ ಕೂಡಲೇ ಬರೋ ಮಾತು. 1930ರ ದಶಕದಲ್ಲಿ ಸಿಂಧ್‌ನ ಹೈದರಾಬಾದಲ್ಲಿ ವಜ್ರದ ವ್ಯಾಪಾರಿ ಲೇಖರಾಜ್ ಅವರು ಓಂ ಮಂಡಳಿ ಶುರು ಮಾಡಿದಾಗ, ಹೆಣ್ಮಕ್ಕಳು ಬ್ರಹ್ಮಚರ್ಯ ಅಂತ ಕೂತ್ರು ಅಂತ ಮನೆಯವರಿಗೆ ಸಿಟ್ಟು ಬಂದು, ಮಾಟ ಮಾಡ್ಯಾರೆ ಅಂತ ಸುದ್ದಿ ಹಬ್ಬಿ, 1938ರಲ್ಲಿ ಓಂ ಮಂಡಳಿ ವಿರೋಧಿ ಸಮಿತಿ ಅಂತಲೇ ಹುಟ್ಕೊಂಡು ಬಾಗಿಲಲ್ಲಿ ಪಿಕೆಟಿಂಗ್ ಕೂಡ ಆಯ್ತು. ಅವರೇ ಕರಾಚಿಗೆ ಹೋಗಿ, ದೇಶ ವಿಭಜನೆ ಆದಮೇಲೆ 1950ರಲ್ಲಿ ಮೌಂಟ್ ಅಬುಗೆ ಬಂದು, ಇವತ್ತು ಬ್ರಹ್ಮಾಕುಮಾರೀಸ್ ಅಂತ ನಮ್ಮೂರಲ್ಲೂ ಇದಾರೆ, ಶಿವರಾತ್ರಿ ಕಾರ್ಯಕ್ರಮಕ್ಕೆ ಜನ ಆರಾಮಾಗಿ ಹೋಗಿ ಬರ್ತಾರೆ. ಇಸ್ಕಾನ್‌ನೋರ ಮೇಲೂ ಹುಡುಗರ ತಲೆ ಕೆಡಿಸಿದ್ರು ಅಂತ ನ್ಯೂಯಾರ್ಕಲ್ಲಿ ಕೇಸ್ ಹಾಕಿ, 1977ರಲ್ಲಿ ಕೋರ್ಟು ಅದನ್ನ ವಜಾ ಮಾಡ್ತು. ಹಂಗಂತ ಹೊಸಬರೆಲ್ಲ ಸಾಚಾ ಅಂತ ನಾನು ಹೇಳ್ತಿಲ್ಲ. ಮಾಟ ಮದ್ದು ಅನ್ನೋ ಮಾತು ಯಾರ ಮೇಲಾದ್ರೂ ಬರುತ್ತೆ, ಅದನ್ನ ನಂಬಿ ಕೂತ್ರೆ ಯಾರು ಏನು ಅಂತ ಗೊತ್ತಾಗಲ್ಲ ಅಷ್ಟೇ.

ಮೂರನೇದು ಮತ ಬಿಡಿಸ್ತಾರೆ ಅನ್ನೋದು. ನಾನು ನೋಡಿದಂಗೆ ತಾಳಿ ತೆಗೀರಿ, ವಿಭೂತಿ ಅಳಿಸಿ ಅಂತ ಯಾರಿಗೂ ಹೇಳಲಿಲ್ಲ. ಮುಂದಿನ ಸಾಲಲ್ಲೇ ಒಬ್ಬ ಅಜ್ಜಿ ಕೊರಳಲ್ಲಿ ಲಿಂಗದ ಕರಡಿಗೆ ಹಾಕ್ಕೊಂಡು ಕೂತಿದ್ರು, ವಿಡಿಯೋ ನಡೀತಿರುವಾಗಲೇ ಕಣ್ಮುಚ್ಚಿ ತಮ್ಮ ಜಪ ತಾವು ಮಾಡ್ಕೊಂಡ್ರು, ಸ್ವಯಂಸೇವಕರು ಅವರಿಗೆ ನೀರು ತಂದುಕೊಟ್ರು. ಊಟದ ಸಾಲಲ್ಲಿ ಯಾರೋ ಶಿಷ್ಯರು 'ಬಸವಣ್ಣನವರ ಕಾಲದಾಗೂ ಹಿಂಗೇ ಅಂದಿದ್ರು' ಅಂದಿದ್ದಕ್ಕೆ ನಮ್ಮೂರ ಹಿರಿಯರೊಬ್ಬರು ತಟ್ಟೆ ಕೆಳಗಿಟ್ಟು 'ಕಲ್ಯಾಣದ ಶರಣರು ಕಾಯಕ ಮಾಡಿ ದಾಸೋಹ ಮಾಡಿದೋರು, ಕಾರ್ಡ್ ಉಜ್ಜೋ ಮಿಷನ್ ಇಟ್ಕೊಂಡಿರಲಿಲ್ಲ' ಅಂದ್ರು. ಅವರಿಗೆ ಮಿಷನ್ ಹೆಂಗೆ ಕಾಣಿಸ್ತೋ, ನಮಗೆ ಕೊನೇ ದಿನದವರೆಗೂ ಕಂಡಿರಲಿಲ್ಲ.

ಆ ಕೊನೇ ದಿನದ ಬಗ್ಗೆ ಸ್ವಲ್ಪ ಉದ್ದ ಬರೀತೀನಿ. ಮಧ್ಯಾಹ್ನ ಊಟ ಆದಮೇಲೆ ಕಿಟಕಿಗೆ ಪರದೆ ಎಳೆದು, ಟ್ಯೂಬ್‌ಲೈಟ್ ಆರಿಸಿ, ತಂದೆತಾಯಿ ನೆನಪು ಮಾಡ್ಕೊಳ್ಳಿ ಅಂತ ಶುರು ಮಾಡಿದ್ರು. ಯಾರಿಗೆ ಯಾರು ತೀರಿಕೊಂಡಿದಾರೋ ಅವರೆಲ್ಲ ಅತ್ರು, ಅತ್ತಿಗೆಗೆ ಅಪ್ಪ ಹೋಗಿ ಇನ್ನೂ ವರ್ಷ ತುಂಬಿಲ್ಲ, ಅವರೂ ಬಿಕ್ಕಿ ಬಿಕ್ಕಿ ಅತ್ರು. ಕಣ್ಣು ಒರೆಸ್ಕೊಳ್ಳೋ ಮುಂಚೆನೇ ಲೈಟ್ ಹಾಕಿ, ಒಬ್ಬೊಬ್ಬರ ಪಕ್ಕ ಒಬ್ಬೊಬ್ಬ ಸ್ವಯಂಸೇವಕ, ಸೀರೆ ಅಂಗಡೀಲಿ ಇದನ್ನೇ ಪ್ಯಾಕ್ ಮಾಡ್ಲಾ ಅಂತ ನಿಲ್ಲೋ ಹುಡುಗನ ಥರ, ಕೈಯಲ್ಲಿ ಫಾರಂ, ಪೆನ್ನಿನ ಕ್ಯಾಪ್ ಆಗಲೇ ತೆಗೆದಿದೆ. ಫಾರಂನಲ್ಲಿ ಹೆಸರು ಊರು ಮಾತ್ರ ಅಲ್ಲ, ಮನೆ ಸ್ವಂತದ್ದಾ ಬಾಡಿಗೆದಾ, ಜಮೀನು ಇದೆಯಾ, ಮಕ್ಕಳು ಎಲ್ಲಿ ಓದ್ತಾರೆ, ಮನೇಲಿ ಯಾರಿಗೆ ಏನು ಕಾಯಿಲೆ, ಕೆಳಗೆ ಐದು ಜನ ಪರಿಚಯದವರ ಫೋನ್ ನಂಬರ್. ಧ್ಯಾನಕ್ಕೂ ನಮ್ಮ ಜಮೀನಿಗೂ ಏನ್ರಿ ಸಂಬಂಧ? ಎರಡನೇ ಹಂತಕ್ಕೆ ಹನ್ನೊಂದು ಸಾವಿರ, ಇವತ್ತೇ ಕಟ್ಟಿದ್ರೆ ಪಿತೃಗಳಿಗೆ ವಿಶೇಷ ಸಂಕಲ್ಪ, ನಾಳೆ ಆದ್ರೆ ಇಲ್ಲ. ಗುರುಗಳ ಫೋಟೋ ಕೆಳಗಿನ ಟೇಬಲ್ ಮೇಲಿನ ಬಟ್ಟೆ ಸರಿಸಿದ್ರೆ ಸ್ವೈಪಿಂಗ್ ಮಿಷನ್ನು, ಕ್ಯೂಆರ್ ಕೋಡು, ರಸೀದಿ ಪುಸ್ತಕ. ನಾನು ಬೇಡ ಅನ್ನೋ ಹೊತ್ತಿಗೆ ಅತ್ತಿಗೆ ಕಟ್ಟಿ ಆಗಿತ್ತು.

ಊರು ಪೂರ್ತಿ ಮದ್ದು ಮಾಟ ಅಂತ ಮಾತಾಡುತ್ತೆ, ಈ ಟೇಬಲ್ಲಿನ ಬಗ್ಗೆ ಒಬ್ಬರೂ ಮಾತಾಡಲ್ಲ, ನನಗೆ ಸಿಟ್ಟು ಬರೋದು ಇದಕ್ಕೇ. ಜಪಾನಿನದು ನೋಡಿ. 2022ರ ಜುಲೈ 8ಕ್ಕೆ ಅಲ್ಲಿನ ಮಾಜಿ ಪ್ರಧಾನಿ ಶಿಂಜೊ ಅಬೆ ಅವರನ್ನ ಗುಂಡು ಹಾರಿಸಿ ಕೊಂದೋನು ಹೇಳಿದ್ದು, ನಮ್ಮಮ್ಮ ಯೂನಿಫಿಕೇಶನ್ ಚರ್ಚ್ ಅನ್ನೋ ಹೊಸ ಪಂಥಕ್ಕೆ ಸುಮಾರು 10 ಕೋಟಿ ಯೆನ್ ಕೊಟ್ಟು ಮನೆ ಹಾಳಾಯ್ತು, ಅಬೆ ಆ ಚರ್ಚಿನವರಿಗೆ ಹತ್ತಿರದೋರು ಅಂತ. ಕೊಲೆಗೆ ಅದು ಸಮರ್ಥನೆ ಅಲ್ಲವೇ ಅಲ್ಲ. ಆದ್ರೆ ಆಮೇಲೆ ಅಲ್ಲಿ ಪಿತೃಗಳ ಕರ್ಮ ಕಳೀಬೇಕು ಅಂತ ಹೆದರಿಸಿ ಹೂಜಿ, ಮುದ್ರೆ ಎಲ್ಲ ದುಬಾರಿ ಬೆಲೆಗೆ ಮಾರಿದ ಹಳೇ ದೂರುಗಳು ಮತ್ತೆ ಎದ್ದು, ಅದೇ ವರ್ಷ ಡಿಸೆಂಬರಲ್ಲಿ ಹಂಗೆ ಹೆದರಿಸಿ ದೇಣಿಗೆ ವಸೂಲಿ ಮಾಡೋದರ ವಿರುದ್ಧ ಕಾನೂನು ಬಂತು, 2025ರ ಮಾರ್ಚಲ್ಲಿ ಟೋಕಿಯೊ ಜಿಲ್ಲಾ ಕೋರ್ಟು ಆ ಸಂಸ್ಥೆನ ವಿಸರ್ಜನೆ ಮಾಡಿ ಅಂತ ಆದೇಶ ಕೊಡ್ತು. ಆ ಚರ್ಚಿನ ಸಾಮೂಹಿಕ ಮದುವೆ, ಮೈಂಡ್ ಕಂಟ್ರೋಲ್ ಅಂತ ಜನ ದಶಕಗಟ್ಲೆ ಆಡ್ಕೊಂಡ್ರು, ಕೋರ್ಟು ಹಿಡಿದಿದ್ದು ದುಡ್ಡು ವಸೂಲಿ ಮಾಡಿದ ರೀತೀನ. ನಮ್ಮ ಟೇಬಲ್ ಹತ್ರನೂ ಪಿತೃಗಳ ಹೆಸರೇ ಬಂದಿದ್ದು ನನಗೆ ಸರಿ ಅನ್ನಿಸಲಿಲ್ಲ.

ಇನ್ನು ರಸೀದಿ. ಕೇಳುವಾಗ 'ಎರಡನೇ ಹಂತದ ಫೀಸು' ಅಂದ್ರು, ರಸೀದೀಲಿ ಬರೆದಿದ್ದು 'ಸ್ವಯಂಪ್ರೇರಿತ ದೇಣಿಗೆ'. ಇಲ್ಲೇ ಇರೋದು ಚಮತ್ಕಾರ. ಫೀಸು ಅಂದ್ರೆ ಸೇವೆಗೆ ಕೊಟ್ಟ ದುಡ್ಡು, ಸೇವೆ ಸರಿ ಇಲ್ಲ ಅಂದ್ರೆ ಗ್ರಾಹಕರ ಆಯೋಗಕ್ಕೆ ಹೋಗ್ಬಹುದು, 2019ರ ಕಾಯ್ದೆ ಪ್ರಕಾರ ವಕೀಲರು ಬೇಕೇ ಬೇಕು ಅಂತಿಲ್ಲ, 5 ಲಕ್ಷದವರೆಗೆ ಕಟ್ಟಿದ ವ್ಯವಹಾರಕ್ಕೆ ಅರ್ಜಿ ಶುಲ್ಕನೂ ಇಲ್ಲ. ದೇಣಿಗೆ ಅಂತ ಬರೆದುಬಿಟ್ರೆ 'ನೀವೇ ಭಕ್ತಿಯಿಂದ ಕೊಟ್ರಲ್ಲ' ಅಂತ ಮೊದಲ ಮಾತಲ್ಲೇ ಕೈ ತೊಳ್ಕೋತಾರೆ. ಕ್ಯಾಶ್ ಕೊಟ್ರೆ ಒಳ್ಳೇದು, 80ಜಿ (ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿ) ರಸೀದಿ ಕೊಡ್ತೀವಿ ಅಂತ ಪಕ್ಕದವರಿಗೆ ಹೇಳ್ತಿದ್ದಿದ್ದೂ ಕೇಳಿಸ್ಕೊಂಡೆ, 2 ಸಾವಿರಕ್ಕಿಂತ ಜಾಸ್ತಿ ಕ್ಯಾಶ್ ದೇಣಿಗೆಗೆ ಆ ತೆರಿಗೆ ವಿನಾಯಿತಿ ಸಿಗೋದೇ ಇಲ್ಲ, ಗೊತ್ತಿರಲಿ.

ಹೊರಗೆ ಬರೋ ದಾರೀಲಿ ಒಂದು ಸ್ಟಾಲ್ ಇದೆ. ಊದುಬತ್ತಿ ಪರವಾಗಿಲ್ಲ, ವಾಸನೆ ತಲೆಗೆ ಏರಲ್ಲ. ಮಂತ್ರಿಸಿದ ನೀರಿನ ತಾಮ್ರದ ಬಾಟ್ಲಿ ಮೇಲೆ ಮಾತ್ರ 'ಮಧುಮೇಹ ಮೂಲದಿಂದಲೇ ನಿವಾರಣೆ' ಅಂತ ಚೀಟಿ ಅಂಟಿಸಿದ್ರು. ಶುಗರ್ ವಾಸಿ ಮಾಡ್ತೀವಿ ಅಂತ ಮಂತ್ರ, ತಾಯಿತ, ಕವಚದ ಹೆಸರಲ್ಲಿ ಜಾಹೀರಾತು ಕೊಡೋದನ್ನ 1954ರಲ್ಲೇ ಕೇಂದ್ರದ ಕಾಯ್ದೆ ನಿಷೇಧ ಮಾಡಿದೆ, ಆ ಪಟ್ಟೀಲಿ ಮಧುಮೇಹದ ಹೆಸರು ಇದೆ. ಸ್ಟಾಲಿನ ಹುಡುಗನಿಗೆ ಹೇಳಿದೆ, 'ಅಕ್ಕಾ ನಂಬಿಕೆ ಇದ್ರೆ ತಗೊಳ್ಳಿ' ಅಂದ. ಮಾತ್ರೆ ನಿಲ್ಲಿಸಿ ಈ ನೀರು ಕುಡಿಯೋ ಅಜ್ಜ ಅಜ್ಜಿಯರು ನಮ್ಮೂರಲ್ಲಿ ಎಷ್ಟು ಜನ ಸಿಗ್ತಾರೋ ಅಂತ ಭಯ ಆಯ್ತು.

ಹೋಗಲೇಬೇಕು ಅನ್ನೋರು ಉಸಿರಾಟ ಕಲೀರಿ, ಊಟ ಮಾಡಿ, ಕೊನೇ ದಿನ ಮಧ್ಯಾಹ್ನದ ಸೆಷನ್ನಿಗೆ ಕೂರಬೇಡಿ, ಕೂತ್ರೂ ಪರ್ಸು ಮನೇಲಿ ಬಿಟ್ಟು ಹೋಗಿ. ಫಾರಂನಲ್ಲಿ ಬೇರೆಯವರ ನಂಬರ್ ಬರೀಬೇಡಿ, ಬರೆದ್ರೆ ಅವರಿಗೂ ದಿನಾ ಬೆಳಿಗ್ಗೆ ಫೋನು. ಇತ್ತೀಚೆಗೆ ಮನೆಯಲ್ಲಿ ಯಾರಾದ್ರೂ ತೀರಿಕೊಂಡಿದ್ರೆ ಅವರನ್ನ ಒಬ್ಬರೇ ಕಳಿಸಬೇಡಿ. ಗಾಡಿ ನಿಲ್ಸೋಕೆ ಜಾಗ ಕಮ್ಮಿ, ಐದು ಗಂಟೆಗೇ ಹೋದ್ರೆ ಒಳಗೆ ಸಿಗುತ್ತೆ.

ಅತ್ತಿಗೆ ದುಡ್ಡು ವಾಪಸ್ ಕೊಡಿ ಅಂತ ಬರೆದು ಕೊಟ್ಟು, ಅದರ ಜೆರಾಕ್ಸ್ ಮೇಲೆ ಸೀಲ್ ಹಾಕಿಸ್ಕೊಂಡಿದೀವಿ. ಮುಂದಿನ ಶಿಬಿರಕ್ಕೆ ಅಡ್ಜಸ್ಟ್ ಮಾಡ್ತೀವಿ ಅಂತಿದಾರೆ. ನಮಗೆ ಅಡ್ಜಸ್ಟ್ ಬೇಡ, ಹನ್ನೊಂದು ಸಾವಿರ ಬೇಕು.